ಟೈಮಿಂಗ್ ಬೆಲ್ಟ್ ಬಿಗಿ ಮಾಡೋದು ಸ್ಪ್ರಿಂಗು, ಕೈ ಅಲ್ಲ

ಗಾಡಿ ಸ್ಟಾರ್ಟ್ ಮಾಡಿದ ಕೂಡ್ಲೆ ಕುಂಯ್ ಅಂತ ಒಂದು ಸಣ್ಣ ಸದ್ದು. ಎಕ್ಸಲೇಟರ್ ಒತ್ತಿದ್ರೆ ಸದ್ದೂ ಏರುತ್ತೆ, ಬಿಟ್ರೆ ಇಳಿಯುತ್ತೆ. ಫ್ಯಾನ್ ಬೆಲ್ಟ್ ಇರ್ಬೇಕು ಅಂತ ಅದನ್ನ ಕಳಚಿ ಅರ್ಧ ನಿಮಿಷ ಎಂಜಿನ್ ಓಡಿಸಿ ನೋಡ್ದೆ, ಆಗ್ಲೂ ಕುಂಯ್. ಸರಿ, ಇದು ಒಳಗಿಂದೇ ಬರ್ತಾ ಇದೆ ಅಂತ ಗೊತ್ತಾಯ್ತು.

ಗಾಡಿ ಅಪ್ಪಂದು, 1998ರ ಮಾರುತಿ 800. 796 ಸಿಸಿ, 3 ಸಿಲಿಂಡರು, ಕಾರ್ಬುರೇಟರ್ ಮಾಡಲ್. ಅಡಿಕೆ ಮೂಟೆ, ಬಾಳೆಗೊನೆ, ಬಾಣಂತಿ ಅಕ್ಕ ಎಲ್ಲರನ್ನೂ ಶಿರಸಿಗೆ ತಂದು ಬಿಟ್ಟ ಗಾಡಿ ಅದು, ಮಾರೋ ಮಾತು ಮನೇಲಿ ಯಾರೂ ಎತ್ತಲ್ಲ. ಹಿಂದಿನ ವರ್ಷ ಒಂದು ಗ್ಯಾರೇಜಲ್ಲಿ ಟೈಮಿಂಗ್ ಬೆಲ್ಟ್ ಹಾಕ್ಸಿದ್ವಿ (ಪಿಸ್ಟನ್ ತಿರುಗಿಸೋ ಕ್ರ್ಯಾಂಕ್ ದಂಡದಿಂದ, ಗಾಳಿ-ಹೊಗೆಯ ಬಾಗಿಲು ಅಂದ್ರೆ ವಾಲ್ವ್ ತೆರೆಯೋ ಕ್ಯಾಮ್ ದಂಡಕ್ಕೆ ಸುತ್ತು ಕೊಡೋ ಬೆಲ್ಟ್ ಅದು), ಅಲ್ಲಿ ನಾನೇ ಪಕ್ಕದಲ್ಲಿ ನಿಂತು ನೋಡಿದ್ದೆ, ಟೆನ್ಷನರ್‌ಗೆ (ಬೆಲ್ಟನ್ನ ಒತ್ತಿ ಬಿಗಿ ಇಡೋ ಪುಲ್ಲಿ ಅದು) ಉದ್ದ ಸ್ಕ್ರೂಡ್ರೈವರ್ ಕೊಟ್ಟು ಮೀಟಿ ಇನ್ನೂ ಬಿಗಿ ಇನ್ನೂ ಬಿಗಿ ಅಂತ ಎಳೆದು ಬೋಲ್ಟ್ ಹಾಕಿದ್ರು. ಆವಾಗ ನಂಗೂ ಅದು ಸರಿ ಅಂತಲೇ ಅನ್ಸಿತ್ತು, ಬಿಗಿ ಇದ್ರೆ ಬೆಲ್ಟ್ ಜಾರಲ್ಲ ಅಲ್ವಾ.

ತಪ್ಪು ಅದೇ.

ಈ ಬೆಲ್ಟಿಗೆ ಹಲ್ಲಿದೆ. ಹಲ್ಲು ಹಲ್ಲಿಗೆ ಕೂತು ಎಳೆಯೋದು, ಫ್ಯಾನ್ ಬೆಲ್ಟಿನ ಹಾಗೆ ಉಜ್ಜಿ ಹಿಡಿಯೋದಲ್ಲ. ಹಾಗಾಗಿ ಹಲ್ಲು ಜಾರದಷ್ಟು ಬಿಗಿ ಇದ್ರೆ ಸಾಕು, ಅದಕ್ಕಿಂತ ಮೇಲೆ ಬಿಗಿ ಮಾಡಿದ್ದೆಲ್ಲ ಟೆನ್ಷನರ್ ಬೇರಿಂಗಿನ ಮೇಲೆ, ಕ್ಯಾಮಿನ ಮೇಲೆ, ಬೆಲ್ಟಿನ ಒಳಗಿರೋ ಗಾಜಿನ ನಾರಿನ ದಾರದ ಮೇಲೆ ಹೋಗಿ ಬೀಳತ್ತೆ. ಸಡಿಲ ಆದ್ರೆ ಹಲ್ಲು ಹಾರತ್ತೆ, ಅದೂ ಕಷ್ಟ. ಎಂಜಿನ್ 4,000 ಆರ್‌ಪಿಎಂನಲ್ಲಿ ಓಡುವಾಗ ಕ್ಯಾಮ್ ಅದರ ಅರ್ಧ ಅಂದ್ರೆ ನಿಮಿಷಕ್ಕೆ 2,000 ಸುತ್ತು, ಒಂದೊಂದು ವಾಲ್ವ್ ಸೆಕೆಂಡಿಗೆ 33 ಸಲ ತೆರೆದು ಮುಚ್ಚತ್ತೆ, ಅಷ್ಟೂ ಲೆಕ್ಕ ಇಟ್ಕೊಂಡಿರೋದು ಈ ಒಂದು ರಬ್ಬರ್ ಪಟ್ಟಿ. ನಮ್ಮ ಪಕ್ಕದ ಮನೆಯವರ ಡೀಸೆಲ್ ಗಾಡಿ ದೇವಿಮನೆ ಘಟ್ಟ ಹತ್ತುವಾಗ ಬೆಲ್ಟ್ ಕಡ್ದು ನಿಂತಿತ್ತು, ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆದು ವಾಲ್ವೆಲ್ಲ ಬಗ್ಗಿ ಹೆಡ್ಡೇ ಇಳಿಸ್ಬೇಕಾಯ್ತು, ಮಳೇಲಿ ಆ ತಿರುವಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಮೂರು ತಾಸು ಕಾದಿದ್ರು ಪಾಪ.

ಮಳೆ ಬಿಟ್ಟ ಮೇಲೆ ಅಂಗಳದಲ್ಲೇ ಶುರು ಮಾಡ್ದೆ. ಹಿಂದಿನ ಚಕ್ರಕ್ಕೆ ಎರಡು ಚೀರೆಕಲ್ಲು ಒತ್ತಿ, ಬ್ಯಾಟರಿ ನೆಗೆಟಿವ್ ತೆಗೆದು, ಮುಂದಿನ ಚಕ್ರ ಬಿಚ್ಚಿ, ಫ್ಯಾನ್ ಬೆಲ್ಟು, ಕ್ರ್ಯಾಂಕ್ ಪುಲ್ಲಿ, ಕವರ್ರು ಹೀಗೆ ಒಂದೊಂದೇ. ಎಂಜಿನ್ ರಾತ್ರಿಯಿಡೀ ತಣ್ಣಗಾಗಿರ್ಬೇಕು, ಬಿಸಿ ಎಂಜಿನ್ ಮೇಲೆ ಬೆಲ್ಟ್ ಬಿಗಿ ನೋಡ್ಬಾರ್ದು. ಕವರ್ ತೆಗೆದ್ರೆ ಒಳಗೆ ಕಾಡಿಗೆ ಹಾಗೆ ಕಪ್ಪು ರಬ್ಬರ್ ಪುಡಿ. ಬೆಲ್ಟಿನ ಬೆನ್ನು ಕನ್ನಡಿ ಹಾಗೆ ಹೊಳೀತಿತ್ತು. ಟೆನ್ಷನರ್ ಕೈಗೆ ತಗೊಂಡು ಕಿವಿ ಹತ್ರ ಇಟ್ಟು ಬೆರಳಲ್ಲಿ ತಿರುಗಿಸ್ದೆ, ಕರಕರ ಅಂತು, ಒಂದು ಕಡೆ ಬಂದಾಗ ಸ್ವಲ್ಪ ತಡೆದು ಮುಂದೆ ಹೋಗತ್ತೆ. ಹೊಸ ಟೆನ್ಷನರ್ ಸದ್ದಿಲ್ದೆ, ಗ್ರೀಸಿನ ಹಿಡಿತದಲ್ಲಿ ನಿಧಾನಕ್ಕೆ ತಿರುಗಿ ನಿಲ್ಲತ್ತೆ, ಎರಡನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದ್ರೆ ಯಾರಿಗೂ ವಿವರಿಸಿ ಹೇಳ್ಬೇಕಾಗಿಲ್ಲ. ಕ್ರ್ಯಾಂಕ್ ಆಯಿಲ್ ಸೀಲ್ ಹತ್ರ ಎಣ್ಣೆ ಒಸರಿತ್ತು, ಅದನ್ನೂ ಬದಲಿಸ್ದೆ, ಎಣ್ಣೆ ತಾಗಿದ್ರೆ ಹೊಸ ಬೆಲ್ಟೂ ಉಬ್ಬಿ ಹಾಳಾಗತ್ತೆ. ಬೆಲ್ಟನ್ನ ಮಡಚೋದು, ಒಳಗು ಹೊರಗು ತಿರುವೋದು ಬೇಡ್ವೇ ಬೇಡ, ಒಳಗಿನ ಗಾಜಿನ ದಾರ ಮುರಿಯತ್ತೆ, ಮೇಲಿಂದ ನೋಡಿದ್ರೆ ಗೊತ್ತೂ ಆಗಲ್ಲ.

ಈಗ ಮುಖ್ಯ ಸಂಗತಿ. ಟ್ಯಾಪೆಟ್ ಕವರ್ ತೆಗೆದು ಕ್ಯಾಮಿಂದ ವಾಲ್ವನ್ನ ಒತ್ತೋ ರಾಕರ್ ಸ್ಕ್ರೂಗಳನ್ನೆಲ್ಲ ಪೂರ್ತಿ ಸಡಿಲ ಮಾಡ್ಬೇಕು. ಇದನ್ನ ಗ್ಯಾರೇಜಲ್ಲಿ ಮಾಡಿರ್ಲಿಲ್ಲ. ವಾಲ್ವ್ ಸ್ಪ್ರಿಂಗುಗಳು ಕ್ಯಾಮನ್ನ ಒಂದು ಕಡೆಗೆ ತಳ್ತಾ ಇರ್ತವೆ, ಆ ತಳ್ಳುವಿಕೆ ಬೆಲ್ಟಿಗೆ ಬಂದು ಟೆನ್ಷನರ್‌ನ ಸಣ್ಣ ಸ್ಪ್ರಿಂಗಿಗೆ ಸರಿಯಾದ ಬಿಗಿ ಸಿಗೋಲ್ಲ. ಕ್ಯಾಮ್ ಬೆರಳಲ್ಲೇ ತಿರುಗೋ ಹಾಗಾದ್ರೆ ಮಾತ್ರ ಆ ಸ್ಪ್ರಿಂಗು ತನಗೆ ಬೇಕಾದಷ್ಟೇ ಎಳ್ಕೊಳ್ಳತ್ತೆ. ಕಂಪನಿಯವರು ಲೆಕ್ಕ ಹಾಕಿ ಇಟ್ಟ ಸ್ಪ್ರಿಂಗ್ ಅದು, ನಮ್ಮ ಸ್ಕ್ರೂಡ್ರೈವರಿಗೆ ಅಲ್ಲೇನು ಕೆಲಸ ಹೇಳಿ?

ಕ್ಯಾಮಿನ ಹಲ್ಲಿನ ಪುಲ್ಲಿ ಗುರುತು, ಕ್ರ್ಯಾಂಕಿನ ಹಲ್ಲಿನ ಪುಲ್ಲಿ ಗುರುತು ಎರಡೂ ಕೂಡಿಸಿ ಬೆಲ್ಟ್ ಹಾಕ್ದೆ, ಬಾಣದ ಗುರುತು ತಿರುಗೋ ದಿಕ್ಕಿಗೆ. ಟೆನ್ಷನರ್ ಬೋಲ್ಟ್ ಸಡಿಲ ಇಟ್ಟು ಸ್ಪ್ರಿಂಗ್ ಬಿಟ್ಟೆ, ಕ್ರ್ಯಾಂಕನ್ನ ಸ್ಪ್ಯಾನರಲ್ಲಿ ಗಡಿಯಾರದ ದಿಕ್ಕಿಗೆ ಎರಡು ಸುತ್ತು ತಿರುಗಿಸ್ದೆ. ಎರಡು ಯಾಕಂದ್ರೆ ಕ್ರ್ಯಾಂಕ್ ಎರಡು ಸುತ್ತಿಗೆ ಕ್ಯಾಮ್ ಒಂದು ಸುತ್ತು, ಆಗ ಎರಡೂ ಗುರುತು ವಾಪಸ್ ತಮ್ಮ ಜಾಗಕ್ಕೆ ಬರ್ಬೇಕು. ನಂದು ಬರ್ಲಿಲ್ಲ. ಕ್ಯಾಮ್ ಗುರುತು ಒಂದು ಹಲ್ಲು ಆಚೆ.

ಎದೆ ಧಸಕ್ ಅಂತು. ಹಾಗೇ ಕವರ್ ಹಾಕಿದ್ರೆ ಗಾಡಿ ಸ್ಟಾರ್ಟ್ ಆಗ್ತಿತ್ತು, ಆದ್ರೆ ಘಟ್ಟದಲ್ಲಿ ದಮ್ಮಿರ್ತಿರ್ಲಿಲ್ಲ. ಆಯಿ ಒಳಗಿಂದ ಊಟಕ್ಕೆ ಕರೀತಾನೇ ಇದ್ಲು, ನಾನು ಚಾಪೆ ಮೇಲೆ ಕೂತು ಬೆಲ್ಟನ್ನೇ ನೋಡ್ತಾ ಕೂತೆ. ಆಮೇಲೆ ಕಂಡಿತು. ಟೆನ್ಷನರ್ ಇಲ್ಲದ ನೇರ ಬದಿಯಲ್ಲಿ ನಾನು ಸ್ವಲ್ಪ ಸಡಿಲ ಬಿಟ್ಟಿದ್ದೆ, ಕ್ರ್ಯಾಂಕ್ ತಿರುಗಿದಾಗ ಮೊದಲು ಆ ಸಡಿಲವನ್ನ ಎಳ್ಕೊಂಡು ಆಮೇಲೆ ಕ್ಯಾಮ್ ತಿರುಗಿದೆ. ನೇರ ಬದಿ ಟಕ್ ಅಂತ ಬಿಗಿ ಇರ್ಬೇಕು, ಸಡಿಲ ಎಲ್ಲ ಟೆನ್ಷನರ್ ಬದಿಗೇ ಬರ್ಬೇಕು. ಮತ್ತೆ ತೆಗೆದು, ಕ್ರ್ಯಾಂಕಿಂದ ಶುರು ಮಾಡಿ ನೇರ ಬದಿ ಎಳೆದು ಹಿಡಿದು ಕ್ಯಾಮಿಗೆ ಹಾಕಿ, ಕೊನೆಗೆ ಟೆನ್ಷನರ್ ಕಡೆ ಬಂದೆ. ಎರಡು ಸುತ್ತು. ಗುರುತು ಕೂಡ್ತು. ಇನ್ನೆರಡು ಸುತ್ತು. ಮತ್ತೂ ಕೂಡ್ತು. ಆಮೇಲೆ ಅಳತೆಯಷ್ಟೇ ಬಿಗಿ ಮಾಡೋ ಟಾರ್ಕ್ ರೆಂಚಲ್ಲಿ ಟೆನ್ಷನರ್ ಬಿಗಿ ಮಾಡಿ, ಸಂದು ಅಳೆಯೋ ತೆಳು ಪಟ್ಟಿ ಫೀಲರ್ ಗೇಜ್ ಇಟ್ಟು, ಸಡಿಲ ಮಾಡಿದ್ದ ರಾಕರ್ ಸ್ಕ್ರೂ ತಿರುಗಿಸಿ ಒಂದೊಂದೇ ಟ್ಯಾಪೆಟ್ ಸಂದು ಮತ್ತೆ ಹೊಂದಿಸ್ದೆ, ಅದಕ್ಕೇ ಒಂದೂವರೆ ತಾಸು ಹಿಡೀತು.

ಬೆರಳಲ್ಲಿ ಬೆಲ್ಟ್ ತಿರುಚಿ 90 ಡಿಗ್ರಿ ಬಂದ್ರೆ ಸರಿ ಅಂತ ಹಳೆ ಮೇಸ್ತ್ರಿಗಳು ಹೇಳ್ತಾರಲ್ಲ, ಅದು ಅಂದಾಜಿಗೆ ಅಡ್ಡಿ ಇಲ್ಲ, ಆದ್ರೆ ಒಬ್ಬೊಬ್ಬರ ಬೆರಳ ಬಲ ಒಂದೊಂದು. ಅದನ್ನ ನಂಬಿ ಬೋಲ್ಟ್ ಹಾಕ್ಬೇಡಿ. ಹೊಸ ಗಾಡಿಗಳಲ್ಲಿ ಆಟೋಮ್ಯಾಟಿಕ್ ಟೆನ್ಷನರ್ ಇರತ್ತೆ, ಅದರ ಕ್ರಮ ಬೇರೆ, ಆ ಗಾಡಿಯ ಮ್ಯಾನುಯಲ್ಲೇ ನೋಡ್ಬೇಕು.

ಕವರಿನ ಒಳಗೆ ಮಾರ್ಕರಲ್ಲಿ ತಾರೀಕು, ಕಿಲೋಮೀಟರ್ ಬರೆದು ಮುಚ್ಚಿದೆ. ಸಂಜೆ ಅಪ್ಪನೇ ಕೀಲಿ ತಿರುಗಿಸಿದ್ರು. ಕುಂಯ್ ಇಲ್ಲ. ಅಪ್ಪ ಬಾನೆಟ್ ಎತ್ತಿ ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಕೇಳಿ, "ನಾಳೆ ಕುಮಟೆಗೆ ಹೋಗ್ಬಪ್ಪನ" ಅಂದ್ರು.