ಮಳೆಗಾಲ ಮುಗೀತು, ಗಾಡಿ ಚಾಲೂ ಆಗವಲ್ದು. ಏನ್ ಮಾಡ್ಲಿ?

ದಸರೆ ಹತ್ತಿರ ಬಂತೆಂದರೆ ನನಗೆ ಬರುವ ಫೋನ್‌ಗಳಲ್ಲಿ ಒಂದೇ ಪ್ರಶ್ನೆ. "ಅಣ್ಣಾ, ಗಾಡಿ ಮೂರ್ನಾಲ್ಕು ತಿಂಗಳಿಂದ ನಿಂತಿತ್ತು, ಈಗ ಚಾಲೂ ಆಗವಲ್ದು. ಏನ್ ಮಾಡ್ಲಿ?" ಕೇಳುವವರು ಹೆಚ್ಚಾಗಿ ಬೆಂಗಳೂರಲ್ಲೋ ಪುಣೆಯಲ್ಲೋ ಕೆಲಸದಲ್ಲಿರುವ ಹುಡುಗರು. ಅವರ ಗಾಡಿ, ಅಂದರೆ ಬೈಕು, ಧಾರವಾಡದಲ್ಲೋ ಹಾವೇರಿಯಲ್ಲೋ ಮನೆ ಮುಂದೆ ತಾಡಪತ್ರಿ ಹೊದ್ದು ನಿಂತಿರುತ್ತದೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಗಾಡಿ ಒಳಗಿಡುತ್ತಾರಂತೆ. ನಮ್ಮ ಕಡೆ ಗಾಡಿ ಮೂಲೆ ಸೇರುವುದು ಮಳೆಗಾಲಕ್ಕೆ. ಜೂನ್‌ನಲ್ಲಿ ಹಿಡಿದ ಜಿಟಿಜಿಟಿ ಧಾರವಾಡವನ್ನು ಸೆಪ್ಟೆಂಬರ್‌ವರೆಗೂ ಸುಲಭಕ್ಕೆ ಬಿಡುವುದಿಲ್ಲ.

ನಾನು ತಿರುಗಿ ಕೇಳುವುದೂ ಒಂದೇ ಪ್ರಶ್ನೆ: ಗಾಡಿ ಯಾವ ವರ್ಷದ್ದು? 2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂತು. ಆಮೇಲಿನ ಬಹುತೇಕ ಗಾಡಿಗಳಲ್ಲಿ ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬುರೇಟರ್ ಇಲ್ಲ, ಕರೆಂಟಿನ ಪಂಪಿನಿಂದ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಇದೆ. ಹಳೆಯ ಗಾಡಿ ಅಂದರೆ ನನ್ನ ಅನುಮಾನ ಮೊದಲು ಪೆಟ್ರೋಲ್ ಮೇಲೆ, ಹೊಸದು ಅಂದರೆ ಬ್ಯಾಟರಿ ಮೇಲೆ. ಇದನ್ನು ನೋಡದೆ ಸುಮ್ನೆ ಹೊಸ ಪ್ಲಗ್ ತಂದು ಹಾಕುವವರೇ ಜಾಸ್ತಿ.

ಹಳೆಯ ಸ್ಪ್ಲೆಂಡರ್, ಆರ್‌ಎಕ್ಸ್ 100, ಮೊದಲ ಪಲ್ಸರ್, ಇಂಥವೆಲ್ಲ ಕಾರ್ಬುರೇಟರ್ ಗಾಡಿಗಳು. ಟ್ಯಾಂಕಿನ ಪೆಟ್ರೋಲ್‌ಗಿಂತ ಮೊದಲು ಕೆಡುವುದು ಕಾರ್ಬುರೇಟರ್ ಬಟ್ಟಲಲ್ಲಿ ಉಳಿದ ನಾಲ್ಕು ಚಮಚ ಪೆಟ್ರೋಲ್. ಅದರಲ್ಲಿ ಬೇಗ ಹೊತ್ತಿಕೊಳ್ಳುವ ಅಂಶ ಆವಿಯಾಗಿ ಹೋಗುತ್ತದೆ, ಉಳಿದದ್ದು ಅಂಟಾಗುತ್ತದೆ. ಹಾಗಾಗಿ ಮೊದಲು ಆ ಬಟ್ಟಲನ್ನು ಖಾಲಿ ಮಾಡಿ. ಇಂಜಿನ್ ತಣ್ಣಗಿರಲಿ, ಬೀಡಿ ಸಿಗರೇಟು ದೂರ ಇರಲಿ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಬಟ್ಟಲಿನ ತಳದಲ್ಲಿರುವ ಡ್ರೈನ್ ಸ್ಕ್ರೂ ಸಡಿಲಿಸಿ, ಬಂದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ಬೆಳಕಿಗೆ ಹಿಡಿದು ನೋಡಿ. ಹಳದಿ ತಿರುಗಿ ವಾರ್ನಿಷ್ ವಾಸನೆ ಬಂದರೆ ಪೆಟ್ರೋಲ್ ಹಳಸಿದೆ. ತಳದಲ್ಲಿ ಗುಂಡು ಗುಂಡಾಗಿ ಏನೋ ಓಡಾಡಿದರೆ ಅದು ನೀರು.

ನೀರು ಎಲ್ಲಿಂದ ಬಂತು ಅಂತೀರಾ? ಈಗ ಬಂಕ್‌ಗಳಲ್ಲಿ ಸಿಗುವುದು 20 ಪರ್ಸೆಂಟ್‌ವರೆಗೆ ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತೇವ ಅತಿಯಾದರೆ ಎರಡೂ ಕೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ರಿಸರ್ವ್ ಎಳೆಯುವುದೂ ಆ ತಳದಿಂದಲೇ. ನಿಂತ ಗಾಡಿಯನ್ನು ರಿಸರ್ವ್‌ನಲ್ಲಿಟ್ಟು ಕಿಕ್ ಹೊಡೆಯಬೇಡಿ ಅನ್ನುವುದು ಇದಕ್ಕೇ. ನೀರು ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ. ಕಾಕ್ ಬಿಟ್ಟು ಬಟ್ಟಲು ತುಂಬಲು ಒಂದು ನಿಮಿಷ ಬಿಡಿ. ಚೋಕ್ ಎಳೆದು, ಆಕ್ಸಿಲರೇಟರ್ ಮುಟ್ಟದೆ ಕಿಕ್ ಹೊಡೆಯಿರಿ. ಪೆಟ್ರೋಲ್ ವಾಸನೆ ಗಮ್ಮನೆ ಬಂದರೂ ಹೊತ್ತದಿದ್ದರೆ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿಯಾಗಿದೆ. ಆಗ ಚೋಕ್ ತೆಗೆದು, ಆಕ್ಸಿಲರೇಟರ್ ಪೂರ್ತಿ ತಿರುವಿ ಹಿಡಿದು ಕಿಕ್ ಹೊಡೆಯಿರಿ.

ಚೋಕ್‌ನಲ್ಲಿ ಚಾಲೂ ಆಗಿ, ಚೋಕ್ ತೆಗೆದ ಕೂಡಲೇ ಬಂದ್ ಬೀಳುತ್ತಿದ್ದರೆ ಪೈಲಟ್ ಜೆಟ್, ಅಂದರೆ ಕಾರ್ಬುರೇಟರ್ ಒಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು, ಕಟ್ಟಿದೆ. ಜೆಟ್ ಬಿಚ್ಚಿ ಕಿಂಡಿಯಲ್ಲಿ ಬೆಳಕು ಕಾಣುತ್ತದೋ ನೋಡಬೇಕು. ಸೂಜಿ ಹಾಕಿ ತಿವಿಯಬಾರದು. ಜೆಟ್ ಹಿತ್ತಾಳೆಯದು, ತೂತು ದೊಡ್ಡದಾದರೆ ಗಾಡಿ ಜೀವನಪೂರ್ತಿ ಪೆಟ್ರೋಲ್ ಕುಡಿಯುತ್ತದೆ. ವೈರಿನೊಳಗಿನ ಒಂದು ತಾಮ್ರದ ಎಳೆ ಸಾಕು.

ಹೊಸ ಗಾಡಿಯಾದರೆ ಕೀ ತಿರುವಿ ಕಿವಿ ಕೊಡಿ. ಟ್ಯಾಂಕಿನ ಕಡೆಯಿಂದ ಎರಡು ಮೂರು ಸೆಕೆಂಡ್ ಗುಂಯ್ ಅಂದರೆ ಪೆಟ್ರೋಲ್ ಪಂಪ್ ಬದುಕಿದೆ. ಸದ್ದಿಲ್ಲದಿದ್ದರೆ, ಅಥವಾ ಸೆಲ್ಫ್ ಒತ್ತಿದಾಗ ಬರೀ ಟಕ್ ಟಕ್ ಅಂದರೆ, ಬ್ಯಾಟರಿ ನೋಡಿ. ಇಲ್ಲಿ ತಳ್ಳುವ ಉಮೇದು ಬೇಡ. ಹಳೆಯ ಗಾಡಿಯನ್ನು ಎರಡನೇ ಗೇರಿಗೆ ಹಾಕಿ ಇಳಿಜಾರಲ್ಲಿ ಬಿಟ್ಟು ಚಾಲೂ ಮಾಡಿದ ಅಭ್ಯಾಸ ನಮ್ಮವರಿಗೆಲ್ಲ ಇದೆ, ಧಾರವಾಡದಲ್ಲಿ ಇಳಿಜಾರಿಗೇನು ಬರವೇ? ಆದರೆ ಇಂಜೆಕ್ಷನ್ ಗಾಡಿಯ ಪಂಪಿಗೇ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿದವರಿಗೆ ಬೆವರಷ್ಟೇ ಲಾಭ. ಮೀಟರ್ ಇಟ್ಟರೆ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ, 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಲೇಬೇಕು. 5 ಆಂಪಿಯರ್ ಅವರ್ ಬ್ಯಾಟರಿಗೆ ಅರ್ಧ ಆಂಪಿಯರ್ ಸಾಕು, ರಾತ್ರಿಯಿಡೀ ಬಿಡಿ. ಅವಸರಕ್ಕೆ ಜೋರಾಗಿ ಕರೆಂಟ್ ಕೊಟ್ಟರೆ ಕಾದು ಹಾಳಾಗುತ್ತದೆ. ಬ್ಯಾಟರಿ ಸರಿಯಿದ್ದೂ ಪಂಪ್ ಸದ್ದು ಬಾರದಿದ್ದರೆ ಫ್ಯೂಸ್ ನೋಡಿ. ಅದೂ ಸರಿ ಇದ್ದರೆ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ, ಮನೆಯಲ್ಲಿ ಬಿಚ್ಚುವುದಲ್ಲ.

ಇದರ ಜೊತೆಗೇ ಬರುವ ಇನ್ನೊಂದು ಮಾತು: "ಅಪ್ಪಾರು ಪ್ರತಿ ಭಾನುವಾರ ಚಾಲೂ ಮಾಡಿ ಎರಡು ನಿಮಿಷ ಬಿಡ್ತಿದ್ರಲ್ಲ, ಆದ್ರೂ ಯಾಕೆ ಹಿಂಗಾತು?" ಅಪ್ಪಾರ ಪ್ರೀತಿ ದೊಡ್ಡದು, ಆದರೆ ಗಾಡಿಗೆ ಅದರಿಂದ ನಷ್ಟವೇ. ಸೆಲ್ಫ್ ತಿಂದ ಕರೆಂಟ್ ಎರಡು ನಿಮಿಷದಲ್ಲಿ ವಾಪಸ್ ಬರುವುದಿಲ್ಲ. ಸೈಲೆನ್ಸರ್ ಕಾಯುವ ಮೊದಲೇ ಬಂದ್ ಮಾಡಿದರೆ ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಓಡಿಸಿದರೆ ಧಾರವಾಡದಿಂದ ಹುಬ್ಬಳ್ಳಿವರೆಗಾದರೂ ಓಡಿಸಬೇಕು. ಅದಾಗದಿದ್ದರೆ ಮುಟ್ಟದೇ ಇರುವುದೇ ಲೇಸು. ಊರು ಬಿಡುವ ಮುಂಚೆ ಟ್ಯಾಂಕ್ ತುಂಬಿಸಿ, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಕಾರ್ಬುರೇಟರ್ ಗಾಡಿಯಾದರೆ ಕಾಕ್ ಬಂದ್ ಮಾಡಿ, ಇಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ.

ಹಾಂ, ಕಿಕ್ ಹೊಡೆಯುವ ಮುಂಚೆ ಸೈಲೆನ್ಸರ್ ಬಾಯಿಗೆ ಟಾರ್ಚ್ ಬಿಡಿ. ಕಣಜ ಅಲ್ಲಿ ಮಣ್ಣಿನ ಗೂಡು ಕಟ್ಟಿರಬಹುದು. ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಸಂಸಾರ ಹೂಡಿರುವುದೂ ಉಂಟು. ಕ್ಲಚ್ ಹಿಡಿದರೂ ಗಾಡಿ ಗೇರಿನಲ್ಲಿ ಸರಿಯದಿದ್ದರೆ ಪ್ಲೇಟುಗಳು ಅಂಟಿಕೊಂಡಿವೆ. ಇಂಜಿನ್ ಬಂದ್ ಇದ್ದಾಗಲೇ, ಕ್ಲಚ್ ಒತ್ತಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರೆ ಹೆಚ್ಚಾಗಿ ಬಿಡುತ್ತವೆ. ಹೊರಡುವ ಮುಂಚೆ ಗಲ್ಲಿಯಲ್ಲೇ ನಿಧಾನಕ್ಕೆ ಹೋಗಿ ಎರಡೂ ಬ್ರೇಕ್ ಹಿಡಿದು ನೋಡಿ, ಗಾಳಿ ತುಂಬಿಸಿ. ಬಂಕ್‌ವರೆಗೆ ಆ ಕಡಿಮೆ ಗಾಳಿಯಲ್ಲೇ ಹೋಗುವುದಾದರೆ ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡಿ.