ಕರೆದರೆ ನಮ್ಮ ನಾಯಿ ಯಾಕೆ ಬರಲ್ಲ?

ನನ್ನ ನಾಯಿ ಗುಂಡನ ಜೊತೆ ಮೈದಾನಕ್ಕೆ ಹೋದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಅವನು ದೂರದಲ್ಲಿ ಯಾವುದೋ ಪೊದೆಗೆ ಮೂಗು ತೂರಿಸಿಕೊಂಡು ನಿಂತಿರುತ್ತಾನೆ. ನಾನು ಒಂದು ಸಲ ಕರೆಯುತ್ತೇನೆ. ಓಡಿ ಬರುತ್ತಾನೆ. ನೋಡಿದವರು ಮೊದಲು ಕೇಳುವುದು, "ಯಾವ ಜಾತಿ?" ಆಮೇಲೆ, "ಯಾವ ಟ್ರೈನರ್ ಹತ್ರ ಬಿಟ್ಟಿದ್ರಿ?" ಕೊನೆಗೆ ನಿಜವಾದ ಪ್ರಶ್ನೆ ಬರುತ್ತದೆ. "ನಮ್ಮದು ಕರೆದ್ರೆ ತಿರುಗಿ ಕೂಡ ನೋಡಲ್ಲ. ಯಾಕೆ?"

ಜಾತಿ ಯಾವುದೂ ಅಲ್ಲ, ಬೀದಿಯಲ್ಲಿ ಹುಟ್ಟಿದ ಮರಿ. ಟ್ರೈನರ್ ಕೂಡ ಇಲ್ಲ. ಮೂರನೆಯದಕ್ಕೆ ಉತ್ತರ ಕೊಡುವ ಮುಂಚೆ ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಹಿಂದೆ ಹತ್ತು ಸಲ ನೀವು ಕರೆದಾಗ ಬಂತಲ್ಲ, ಬಂದ ಮೇಲೆ ಅದಕ್ಕೆ ಏನಾಯಿತು?

ಸ್ವಲ್ಪ ಯೋಚಿಸಿ ಹೇಳುತ್ತಾರೆ. ಸ್ನಾನ ಮಾಡಿಸಿದೆ. ಉಗುರು ಕತ್ತರಿಸಿದೆ. ಕಿವಿಗೆ ಔಷಧಿ ಹಾಕಿದೆ. ಆಟ ನಿಲ್ಲಿಸಿ, ಬೆಲ್ಟ್ ಹಾಕಿ ಮನೆಗೆ ಎಳೆದುಕೊಂಡು ಬಂದೆ. ದಿಂಬು ಹರಿದಿದ್ದಕ್ಕೆ ಬೈದೆ. ಹೇಳುತ್ತಾ ಹೇಳುತ್ತಾ ಅವರಿಗೇ ನಗು ಬರುತ್ತದೆ. ಹತ್ತರಲ್ಲಿ ಎಂಟು ಸಲ ಬಂದು ನಷ್ಟವೇ ಆಗಿದ್ದರೆ ಹನ್ನೊಂದನೇ ಸಲ ಯಾರು ಬರುತ್ತಾರೆ? ನಾಯಿಗೆ ಸೊಕ್ಕೂ ಇಲ್ಲ, ಹಟವೂ ಇಲ್ಲ. ಲೆಕ್ಕ ಇಟ್ಟುಕೊಂಡಿದೆ, ಅಷ್ಟೇ.

ಇದನ್ನು ನಾನು ಕಲಿತದ್ದು ಕೆಡಿಸಿಯೇ. ಗುಂಡ ಆರು ತಿಂಗಳಿನವನಿದ್ದಾಗ, ನಾನಿಲ್ಲದ ಹೊತ್ತಿನಲ್ಲಿ ನನ್ನ ಹೊಸ ಚಪ್ಪಲಿಯ ಉಂಗುಷ್ಟ ಕಚ್ಚಿ ತುಂಡು ಮಾಡಿದ್ದ. ಮನೆಗೆ ಬಂದವಳೇ ಚಪ್ಪಲಿ ಕೈಯಲ್ಲಿ ಹಿಡಿದು "ಗುಂಡಾ, ಬಾ ಇಲ್ಲಿ" ಅಂದೆ. ಬಂದ. ಕಿವಿ ಹಿಂದಕ್ಕೆ ಒತ್ತಿಕೊಂಡು, ಬಾಲ ಕಾಲಸಂದಿಗೆ ಸೇರಿಸಿಕೊಂಡು, ನೆಲಕ್ಕೆ ಅಂಟಿಕೊಂಡೇ ಬಂದ. ನೋಡು, ತಪ್ಪು ಮಾಡಿದ್ದು ಅವನಿಗೇ ಗೊತ್ತು ಅಂದುಕೊಂಡೆ. ಚಪ್ಪಲಿಯನ್ನು ಮೂಗಿನ ಹತ್ತಿರ ಹಿಡಿದು ಚೆನ್ನಾಗಿ ಬೈದೆ. ಹೀಗೆ ನಾಲ್ಕೈದು ಸಲ ಆಗಿರಬಹುದು, ಜಾಸ್ತಿ ಏನಲ್ಲ. ಒಂದು ಸಂಜೆ ಯಾವ ತಪ್ಪೂ ಇಲ್ಲದೆ ಸುಮ್ನೆ ಕರೆದೆ, "ಗುಂಡಾ, ಬಾ ಇಲ್ಲಿ." ಅವನು ಎದ್ದ. ನನ್ನನ್ನು ನೋಡಿದ. ನೇರವಾಗಿ ಮಂಚದ ಕೆಳಗೆ ಹೋಗಿ ಗೋಡೆಗೆ ಒತ್ತಿಕೊಂಡು ಮಲಗಿದ.

ಆ "ತಪ್ಪು ಮಾಡಿದ ಮುಖ"ದ ಮೇಲೆ ನಾಯಿಗಳ ವರ್ತನೆ ಅಧ್ಯಯನ ಮಾಡುವ ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. ತಿಂಡಿ ತೋರಿಸಿ, ತಿನ್ನಬೇಡ ಎಂದು ಹೇಳಿ ಮಾಲೀಕರು ಹೊರಗೆ ಹೋಗುತ್ತಾರೆ. ವಾಪಸ್ ಬಂದಾಗ ನಾಯಿ ತಿಂದಿದೆ ಎಂದೋ ತಿಂದಿಲ್ಲ ಎಂದೋ ಪ್ರಯೋಗ ಮಾಡುವವರು ಅವರಿಗೆ ಹೇಳುತ್ತಾರೆ, ತಿಂದಿದೆ ಎಂದರೆ ಮಾಲೀಕರು ಬೈಯುತ್ತಾರೆ. ಹೇಳಿದ್ದು ಎಲ್ಲ ಸಲವೂ ನಿಜವಲ್ಲ, ಪ್ರಯೋಗದ ಗುಟ್ಟೇ ಅದು. ಆ ಮುಖ ಕಾಣಿಸಿದ್ದು ನಾಯಿ ತಿಂದಿತ್ತೋ ಇಲ್ಲವೋ ಎಂಬುದರ ಮೇಲಲ್ಲ, ಬೈಸಿಕೊಂಡಿತೋ ಇಲ್ಲವೋ ಎಂಬುದರ ಮೇಲೆ. ತಿನ್ನದೇ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನೂ ಜಾಸ್ತಿ ಕಂಡಿತು. ಅಂದರೆ ಗುಂಡ ನೆಲಕ್ಕೆ ಅಂಟಿಕೊಂಡು ಬಂದದ್ದು ಚಪ್ಪಲಿ ನೆನೆದಲ್ಲ, ನನ್ನ ಮುಖ ನೋಡಿ. ಅವನ ಲೆಕ್ಕದಲ್ಲಿ, ಬೈಗುಳ ಬೀಳುವ ಮುಂಚೆ ಅವನು ಮಾಡಿದ ಕೊನೆಯ ಕೆಲಸ ಚಪ್ಪಲಿ ಕಚ್ಚಿದ್ದಲ್ಲ. ನಾನು ಕರೆದಾಗ ಬಂದದ್ದು.

ಇದರ ಹಿಂದಿನ ಸೂತ್ರ ಹಳೆಯದು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲೇ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಅವು ಬಾಗಿಲು ತೆಗೆಯುವುದನ್ನು ಹೇಗೆ ಕಲಿಯುತ್ತವೆ ಎಂದು ನೋಡಿದ್ದರು. ಯಾವುದರಿಂದ ಹಿತವಾಯಿತೋ ಅದನ್ನೇ ಪ್ರಾಣಿ ಮತ್ತೆ ಮಾಡುತ್ತದೆ. ಇನ್ನು ರಷ್ಯಾದ ವಿಜ್ಞಾನಿ ಪಾವ್ಲೋವ್ ಊಟಕ್ಕೆ ಮುಂಚೆ ಪ್ರತಿ ಸಲ ಒಂದು ಶಬ್ದ ಕೇಳಿಸಿದರು. ಆಮೇಲೆ ಊಟ ಇಲ್ಲದಿದ್ದರೂ ಆ ಶಬ್ದ ಕೇಳಿದರೇ ಸಾಕು, ನಾಯಿಗಳು ಜೊಲ್ಲು ಸುರಿಸಿದವು. ಜೊಲ್ಲನ್ನು ನಾಯಿ ಯೋಚಿಸಿ ಸುರಿಸುವುದಿಲ್ಲ, ಮೈಯೇ ಕಲಿತಿರುತ್ತದೆ. "ಬಾ ಇಲ್ಲಿ" ಎಂಬ ಎರಡು ಮಾತಿಗೆ ನಾನು ಜೊಲ್ಲಿನ ಬದಲು ನಡುಕ ಗಂಟುಹಾಕಿಬಿಟ್ಟಿದ್ದೆ.

ಕೆಟ್ಟ ಮಾತನ್ನು ರಿಪೇರಿ ಮಾಡುವುದಕ್ಕಿಂತ ಹೊಸ ಮಾತು ತರುವುದು ಸುಲಭ. "ಓಡ್ಬಾ" ಅಂತ ಇಟ್ಟುಕೊಂಡೆ. ಮನೆಯವರಿಗೆಲ್ಲ ಹೇಳಿದೆ, ಇದೇ ಮಾತು, ಬೇರೆ ಬೇಡ. ಒಬ್ಬರು ಕಮ್, ಇನ್ನೊಬ್ಬರು ಬಾರೋ, ಮತ್ತೊಬ್ಬರು ಶಿಳ್ಳೆ ಅಂದರೆ ಮರಿಗೆ ಅದು ಮೂರು ಬೇರೆ ಪಾಠ. ಯಾವ ಭಾಷೆ ಆದರೂ ನಡೆಯುತ್ತದೆ, ಎಲ್ಲರ ಬಾಯಲ್ಲೂ ಒಂದೇ ಇರಬೇಕು.

ಮೊದಲ ದಿನ ಮಾಡಿದ್ದು ಇಷ್ಟು. ಬಾಗಿಲು ಹಾಕಿ, ಟಿವಿ ಆರಿಸಿ ಹಾಲ್‌ನಲ್ಲಿ ನೆಲದ ಮೇಲೆ ಕೂತೆ. ಉಪ್ಪು ಖಾರ ಏನೂ ಹಾಕದೆ ಬೇಯಿಸಿದ ಕೋಳಿಯನ್ನು ಕಿರುಬೆರಳಿನ ಉಗುರಿನಷ್ಟು ಚೂರು ಮಾಡಿ, ಬಟ್ಟಲನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಗುಂಡ ಎರಡು ಹೆಜ್ಜೆ ದೂರದಲ್ಲಿದ್ದ. "ಓಡ್ಬಾ" ಅಂದೆ, ಒಂದೇ ಸಲ. ಅವನಿಗೆ ಆ ಮಾತಿನ ಅರ್ಥವೇ ಗೊತ್ತಿಲ್ಲವಲ್ಲ, ಸುಮ್ನೆ ನೋಡಿದ. ನಾನೇ ಕೈ ಚಾಚಿ ಬಾಯಿಗೆ ಒಂದು ಚೂರು ಕೊಟ್ಟೆ. ಮತ್ತೆ "ಓಡ್ಬಾ", ಮತ್ತೆ ಚೂರು. ಆರನೆಯದೋ ಏಳನೆಯದೋ ಸಲ ಮಾತು ಮುಗಿಯುವ ಮುಂಚೆಯೇ ಅವನ ಕುತ್ತಿಗೆ ನನ್ನ ಕಡೆ ತಿರುಗಿತು. ಅಲ್ಲಿಗೆ ನಿಲ್ಲಿಸಿದೆ. ಮೂರು ನಿಮಿಷವೂ ಆಗಿರಲಿಲ್ಲ. ಇನ್ನೂ ಬೇಕು ಅನ್ನುವಾಗಲೇ ಎದ್ದುಬಿಡಬೇಕು. ಅರ್ಧ ಗಂಟೆ ಪಾಠ ಮಾಡಿದರೆ ಮರಿಗೆ ಬೇಜಾರು, ನಮಗೆ ಸಿಟ್ಟು.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಎಷ್ಟೋ ನಾಯಿಗಳು ಕರೆದರೆ ಬರುತ್ತವೆ, ಆದರೆ ಕೈಗೆ ಸಿಗದಷ್ಟು ದೂರದಲ್ಲಿ ನಿಂತುಬಿಡುತ್ತವೆ. ಕೈ ಚಾಚಿದರೆ ಪಕ್ಕಕ್ಕೆ ಜಿಗಿಯುತ್ತವೆ. ಮಾಲೀಕರು ಇದನ್ನು ತುಂಟತನ ಅನ್ನುತ್ತಾರೆ. ನಿಜ ಏನೆಂದರೆ, ಕುತ್ತಿಗೆಪಟ್ಟಿಗೆ ಕೈ ಬಂತು ಅಂದರೆ ಆಟ ಮುಗಿಯಿತು ಎಂದು ಅವು ಕಲಿತಿವೆ. ಅದಕ್ಕೆ ನಾನು ಮಾಡುವುದು ಹೀಗೆ. ಬಂದ ಕೂಡಲೇ ಒಂದು ಚೂರು. ಆಮೇಲೆ ಪಟ್ಟಿಗೆ ಎರಡು ಬೆರಳು ಮೆತ್ತಗೆ ಸೇರಿಸಿ, ಹಿಡಿದುಕೊಂಡೇ ಇನ್ನೊಂದು ಚೂರು. ಆಮೇಲೆ "ಹೋಗು" ಎಂದು ಬಿಟ್ಟುಬಿಡುವುದು. ಆ ಕೊನೆಯದೇ ದೊಡ್ಡ ಬಹುಮಾನ. ಬಂದರೂ ಆಟ ಮುಗಿಯಲಿಲ್ಲ, ಕೋಳಿ ಬೇರೆ ಸಿಕ್ಕಿತು! ಮೈದಾನದಲ್ಲಿ ಹತ್ತು ಸಲ ಕರೆದರೆ ಒಂಬತ್ತು ಸಲ ಹೀಗೇ ಬಿಟ್ಟುಬಿಡಿ. ಹತ್ತನೇ ಸಲ ಬೆಲ್ಟ್ ಹಾಕಿಕೊಂಡು ಮನೆಗೆ ಹೊರಡಿ. ಸ್ನಾನ, ಉಗುರು, ಔಷಧಿಗೆ ಮಾತ್ರ ಎಂದೂ ಆ ಮಾತು ಹೇಳಬೇಡಿ. ಎದ್ದು ಹೋಗಿ ನೀವೇ ಕರೆತನ್ನಿ.

ಪಕ್ಕದ ಮನೆಯ ಹುಡುಗ ಇಷ್ಟೆಲ್ಲ ಮಾಡಿ ಎರಡು ವಾರ ಬಿಟ್ಟು ಬಂದ. "ಅಕ್ಕಾ, ಮನೇಲಿ ಸೂಪರಾಗಿ ಬರುತ್ತೆ. ಮೈದಾನದಲ್ಲಿ ಬೇಕಂತಲೇ ಬರಲ್ಲ."

"ಮನೆ ಆದ್ಮೇಲೆ ಎಲ್ಲಿ ಕಲಿಸಿದೆ?"

"ಮೈದಾನದಲ್ಲೇ."

ಅಲ್ಲೇ ಎಡವಟ್ಟು. ಹಾಲ್‌ನಲ್ಲಿ ಕಲಿತ ಪಾಠ ಹಾಲ್‌ನದು, ನಾಯಿ ಅದನ್ನು ತಾನಾಗಿಯೇ ಹೊರಗೆ ಹೊತ್ತುಕೊಂಡು ಹೋಗುವುದಿಲ್ಲ. ಮೊದಲು ಇನ್ನೊಂದು ಕೋಣೆಯಿಂದ, ಆಮೇಲೆ ಅಂಗಳ, ಆಮೇಲೆ ಜನ ಇಲ್ಲದ ಹೊತ್ತಿನಲ್ಲಿ ರಸ್ತೆ. ಕೊನೆಗೆ ಮೈದಾನ, ಅದೂ 10 ಮೀಟರಿನಷ್ಟು ಉದ್ದದ ಹಗ್ಗ ಕಟ್ಟಿ. ಹಗ್ಗ ಎಳೆಯುವುದಕ್ಕಲ್ಲ, ಓಡಿಹೋಗದಂತೆ ಕಾಯುವುದಕ್ಕೆ. ಪ್ರತಿ ಹೊಸ ಜಾಗದಲ್ಲೂ ಎರಡು ಹೆಜ್ಜೆ ದೂರದಿಂದಲೇ ಶುರು. ಇನ್ನೊಂದು ನಾಯಿಯ ಹಿಂದೆ ಬಿದ್ದಾಗ, ಬರುವುದಿಲ್ಲ ಎಂದು ನಿಮಗೇ ಗೊತ್ತಿರುವಾಗ ಕರೆಯಲೇಬೇಡಿ. ಹತ್ತು ಸಲ ಕಿರುಚಿದರೆ ಒಂಬತ್ತನ್ನು ಕೇಳಿಸಿಕೊಳ್ಳದೇ ಇರುವುದನ್ನು ಕಲಿಸಿದಂತೆ. ಅಟ್ಟಿಸಿಕೊಂಡೂ ಹೋಗಬೇಡಿ, ಅದಕ್ಕೆ ಅದು ಒಳ್ಳೆ ಆಟ. ತಿರುಗಿ ನೀವೇ ಓಡಿ. ಹೆಚ್ಚಿನ ನಾಯಿಗಳಿಗೆ ಹಿಂದೆ ಬೀಳದೆ ಇರಲು ಆಗುವುದಿಲ್ಲ.

ತಿಂಡಿ ಕೊಟ್ಟು ಮಾಡಿಸುವುದು ಲಂಚ ಅಲ್ವಾ ಎಂದು ಕೇಳುವವರು ಇದ್ದಾರೆ. ಲಂಚವನ್ನು ಕೆಲಸಕ್ಕೆ ಮುಂಚೆ ತೋರಿಸುತ್ತಾರೆ, ಕೂಲಿಯನ್ನು ಕೆಲಸ ಆದ ಮೇಲೆ ಕೊಡುತ್ತಾರೆ. ಬಿಸ್ಕತ್ತು ಆಡಿಸುತ್ತಾ ಕರೆದರೆ ಅದು ಲಂಚವೇ, ಬಿಸ್ಕತ್ತು ಇಲ್ಲದ ದಿನ ನಾಯಿ ಬರುವುದಿಲ್ಲ. ಬಟ್ಟಲನ್ನು ಬೆನ್ನ ಹಿಂದೆ ಇಟ್ಟದ್ದು ಅದಕ್ಕೇ. ಕೂತ್ಕೋ, ನಿಲ್ಲು ಮುಂತಾದವನ್ನು ಕಲಿತ ಮೇಲೆ ತಿಂಡಿಯನ್ನು ಒಮ್ಮೆ ಕೊಟ್ಟು ಒಮ್ಮೆ ಬಿಟ್ಟು ಕಡಿಮೆ ಮಾಡಬಹುದು. ಕರೆದಾಗ ಬರುವುದಕ್ಕೆ ಮಾತ್ರ ನಾನು ಗುಂಡನಿಗೆ ಇವತ್ತಿಗೂ ಕೂಲಿ ಕೊಡುತ್ತೇನೆ. ಲಾರಿ ಬರುವ ರಸ್ತೆಯಿಂದ ತಿರುಗಿ ಬರಬೇಕಾದ ಮಾತಿನಲ್ಲಿ ಜುಗ್ಗತನ ಯಾಕೆ? ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಸಕ್ಕರೆ ಬದಲು ಝೈಲಿಟಾಲ್ ಹಾಕಿದ ತಿನಿಸು ಮಾತ್ರ ಬೇಡ, ನಾಯಿಗೆ ಅವು ವಿಷ.

"ಮೊದಲು ಯಜಮಾನ ಯಾರು ಅಂತ ತೋರಿಸ್ಬೇಕು ರೀ" ಎಂಬ ಸಲಹೆಯೂ ಬರುತ್ತದೆ. ಮರಿಯನ್ನು ಅಂಗಾತ ಮಲಗಿಸಿ ಒತ್ತಿ ಹಿಡಿಯಿರಿ ಎನ್ನುವವರೂ ಇದ್ದಾರೆ. ಇದರ ಬೇರು ತೋಳಗಳ ಕಥೆಯಲ್ಲಿದೆ. ರುಡಾಲ್ಫ್ ಶೆಂಕೆಲ್ 1947ರಲ್ಲಿ ಮೃಗಾಲಯದ ತೋಳಗಳ ಬಗ್ಗೆ ಬರೆದರು. ಬೋನಿನಲ್ಲಿ ಕೂಡಿಹಾಕಿದ ತೋಳಗಳು, ಜಗಳ ಇದ್ದದ್ದೇ. ಜಗಳದಲ್ಲಿ ಗೆದ್ದದ್ದೇ ನಾಯಕ ಎಂಬ ಕಲ್ಪನೆ ಅಲ್ಲಿಂದ ಬಂತು. ಗುಂಪಿನ ನಾಯಕನ ಈ ಕಲ್ಪನೆಯನ್ನು ಮುಂದೆ ಹರಡಿದವರಲ್ಲಿ ಅಮೆರಿಕದ ತೋಳ ಸಂಶೋಧಕ ಡೇವಿಡ್ ಮೀಚ್ ಒಬ್ಬರು. ಕಾಡಿನಲ್ಲಿ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ ಅವರೇ 1999ರಲ್ಲಿ ಅದನ್ನು ತಿದ್ದಿ ಬರೆದರು. ಕಾಡಿನ ತೋಳದ ಗುಂಪು ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಯಜಮಾನಿಕೆ ಅಂದರೆ ಅಪ್ಪ ಅಮ್ಮನದೇ. ಒತ್ತಿ ಹಿಡಿದ ಮರಿ ಕಲಿಯುವುದು ಒಂದೇ, ಈ ಕೈ ಹತ್ತಿರ ಬಂದರೆ ಹುಷಾರು.

ಗುರ್ ಅಂದಿದ್ದಕ್ಕೆ ಹೊಡೆಯುವುದು ಇನ್ನೂ ಅಪಾಯ. ಗುರ್ ಅನ್ನುವುದು ಎಚ್ಚರಿಕೆ. ಅದನ್ನು ಹೊಡೆದು ಬಾಯಿ ಮುಚ್ಚಿಸಿದರೆ ಮುಂದಿನ ಸಲ ಎಚ್ಚರಿಕೆ ಇಲ್ಲದೆ ನೇರ ಹಲ್ಲು. ಅದಕ್ಕೂ ಮುಂಚೆ ನಾಯಿ ಮೆಲ್ಲಗೆ ಹೇಳಿಯೇ ಇರುತ್ತದೆ. ನಿದ್ದೆ ಇಲ್ಲದ ಆಕಳಿಕೆ, ಸುಮ್ಮಸುಮ್ಮನೆ ಮೂಗು ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆ ನೋಟ. ಮಕ್ಕಳು ನಾಯಿಯನ್ನು ತಬ್ಬಿಕೊಂಡು ತೆಗೆಸಿದ ಫೋಟೋಗಳನ್ನು ಒಮ್ಮೆ ತೆಗೆದು ನೋಡಿ. ಮಗು ನಗುತ್ತಿರುತ್ತದೆ. ನಾಯಿ ಎಷ್ಟು ಸಲ ಹಾಗೆ ಮುಖ ತಿರುಗಿಸಿದೆ, ಎಣಿಸಿ.

ಒಡನಾಟ ಬೆಳೆಸುವುದು ಹೇಗೆ ಎಂದು ಬೇರೆಯಾಗಿ ಕೇಳುತ್ತಾರೆ. ನನಗೆ ಅದು ಬೇರೆ ವಿಷಯ ಅನಿಸುವುದಿಲ್ಲ. ನಾಯಿ ಹೇಳಿದ್ದು ನಮಗೆ ಕೇಳಿಸಿದರೆ ನಾವು ಹೇಳಿದ್ದು ಅದಕ್ಕೆ ಕೇಳಿಸುತ್ತದೆ. ಒಂದು ಸಣ್ಣ ಪರೀಕ್ಷೆ ಮಾಡಿ. ಎದೆಯ ಹತ್ತಿರ ಮೂರು ಸೆಕೆಂಡ್ ಸವರಿ ಕೈ ತೆಗೆಯಿರಿ. ಒರಗಿಕೊಂಡು ಬಂದರೆ, ಮೂಗಿನಿಂದ ಕೈ ತಳ್ಳಿದರೆ, ಮುಂದುವರಿಸಿ. ಸುಮ್ಮನೆ ಕೂತರೆ ಅಥವಾ ಎದ್ದು ಮೈ ಕೊಡವಿದರೆ ಸಾಕು ಅಂತ ಅರ್ಥ. ಮೊದಮೊದಲು ಗುಂಡ ಎದ್ದು ಹೋಗುತ್ತಿದ್ದ, ನನಗೆ ಸ್ವಲ್ಪ ಅವಮಾನವೇ ಆಗುತ್ತಿತ್ತು. ಹೋಗಲಿ ಅಂತ ಬಿಟ್ಟೆ. ಬಿಟ್ಟ ಮೇಲೆ ಅವನೇ ಬಂದು ತೊಡೆಗೆ ಒರಗತೊಡಗಿದ. ಜಪಾನಿನ ಸಂಶೋಧಕರು 2015ರಲ್ಲಿ ಒಂದು ಸಂಗತಿ ಕಂಡರು. ಸಾಕಿದವರ ಕಣ್ಣನ್ನು ನಾಯಿ ಹೆಚ್ಚು ಹೊತ್ತು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಏರಿತು. ತಾಯಿ ಮಗುವಿನ ನಂಟಿನಲ್ಲಿ ಕೆಲಸ ಮಾಡುವ ಹಾರ್ಮೋನ್ ಅದು. ಮನುಷ್ಯರೇ ಸಾಕಿ ಬೆಳೆಸಿದ ತೋಳಗಳಲ್ಲಿ ಹಾಗೆ ಆಗಲಿಲ್ಲ. ಗುರುತಿಲ್ಲದ ನಾಯಿಯ ಕಣ್ಣನ್ನು ಮಾತ್ರ ದಿಟ್ಟಿಸಬೇಡಿ, ಅದು ಅದನ್ನು ಜಗಳಕ್ಕೆ ಕರೆದಂತೆ ತಿಳಿಯುತ್ತದೆ.

ವಾಕಿಂಗ್‌ನಲ್ಲಿ ಮೂಸುವುದಕ್ಕೆ ಬಿಡಿ, ಪೇಪರ್ ಓದುವವರನ್ನು ಯಾರಾದರೂ ಎಳೆಯುತ್ತಾರಾ?

ಇನ್ನು ಚಿಕ್ಕ ಮರಿ ಇರುವವರಿಗೆ ಚುಟುಕಾಗಿ. ಮೂರರಿಂದ ಹನ್ನೆರಡು, ಹದಿನಾಲ್ಕು ವಾರದ ಒಳಗೆ ಕಂಡ ಕೇಳಿದ ಲೋಕ ಅದಕ್ಕೆ ಜೀವಮಾನಕ್ಕೆಲ್ಲ ಸಹಜ. ಲಸಿಕೆ ಮುಗಿಯುವವರೆಗೆ ನೆಲಕ್ಕೆ ಬಿಡದೆ ಎತ್ತಿಕೊಂಡಾದರೂ ಮಕ್ಕಳು, ಗಾಡಿ, ಕೊಡೆ, ಟೋಪಿ ಎಲ್ಲ ತೋರಿಸಿ. ನಿದ್ದೆಯಿಂದ ಎದ್ದ ಕೂಡಲೇ, ಊಟ ಆದ ಕೂಡಲೇ, ಆಟ ಆದ ಕೂಡಲೇ ಹೊರಗೆ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ, ಉಚ್ಚೆ ಹೊಯ್ದ ಮೇಲೆ ಅಲ್ಲೇ ಹೊಗಳಿ. ಒಳಗೆ ಹೊಯ್ದರೆ ಸುಮ್ನೆ ಒರೆಸಿ. ಮೂಗು ಉಜ್ಜಿದರೆ ಅದು ಕಲಿಯುವುದು ನಿಮ್ಮ ಕಣ್ಣು ತಪ್ಪಿಸಿ ಸೋಫಾ ಹಿಂದೆ ಹೊಯ್ಯುವುದನ್ನು. ಕಚ್ಚಾಟ ಹಲ್ಲಿನ ಕಾಟ. ಇಪ್ಪತ್ತೆಂಟು ಹಾಲುಹಲ್ಲು ಬಿದ್ದು ನಲವತ್ತೆರಡು ಬರಬೇಕು, ಆರೇಳು ತಿಂಗಳವರೆಗೆ ಅಗಿಯಲು ಏನಾದರೂ ಕೊಡಿ, ಚಪ್ಪಲಿ ಎತ್ತಿಡಿ. ಹೌದು, ಚಪ್ಪಲಿ ಎತ್ತಿಡಬೇಕಾದವಳು ನಾನೇ ಆಗಿದ್ದೆ.

ಗುಂಡನಿಗೆ ಈಗ ಒಂಬತ್ತು ವರ್ಷ. ಮೂತಿಯೆಲ್ಲ ನರೆತಿದೆ. "ಓಡ್ಬಾ" ಅಂದರೆ ಓಟ ಸ್ವಲ್ಪ ನಿಧಾನ, ಆದರೂ ಬರುತ್ತಾನೆ. ಮನೆಗೆ ಬಂದವರು ಪ್ರೀತಿಯಿಂದಲೇ ಕರೆಯುತ್ತಾರೆ, "ಗುಂಡಾ, ಬಾ ಇಲ್ಲಿ." ಅವನ ಕಿವಿ ಹಿಂದಕ್ಕೆ ಹೋಗುತ್ತದೆ. ಮಂಚದ ಕಡೆ ಒಮ್ಮೆ ನೋಡುತ್ತಾನೆ. ಹಾಗೆ ಕರೆಯಬೇಡಿ, ಬೇರೆ ಮಾತಿದೆ ಎಂದು ನಾನು ಅವರಿಗೆ ಹೇಳಿಕೊಡುತ್ತೇನೆ.