ಜಾರ್ಜ್ ಜೋನ್ಸ್ ಹಾಡಿನಲ್ಲಿ ಅವನು ಸತ್ತದ್ದು ಯಾವಾಗ ಗೊತ್ತಾಗುತ್ತೆ?

ಅಮೆರಿಕದ ಹಳ್ಳಿಸೊಗಡಿನ ಕಂಟ್ರಿ ಸಂಗೀತದಲ್ಲಿ ಕೈತಪ್ಪಿದ ಪ್ರೀತಿಯ ಹಾಡುಗಳಿಗೆ ಬರವಿಲ್ಲ. ಒಂದನ್ನೇ ಆರಿಸಬೇಕೆಂದರೆ 1980ರಲ್ಲಿ ಎಪಿಕ್ ಕಂಪನಿ ಹೊರತಂದ ಸಿಂಗಲ್ 'ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ' (ಅವಳನ್ನು ಪ್ರೀತಿಸುವುದನ್ನು ಅವನು ಇವತ್ತು ನಿಲ್ಲಿಸಿದ) ಕೇಳಿ. ಬರೆದವರು ಬಾಬಿ ಬ್ರ್ಯಾಡಕ್ ಮತ್ತು ಕರ್ಲಿ ಪಟ್ಮನ್, ಹಾಡಿದವರು ಜಾರ್ಜ್ ಜೋನ್ಸ್, ನಿರ್ಮಾಪಕ ಬಿಲ್ಲಿ ಶೆರಿಲ್.

ಸಾಹಿತ್ಯವನ್ನು ಒಮ್ಮೆ ಬರೀ ಓದಿ. ಸಾಯುವವರೆಗೂ ನಿನ್ನನ್ನು ಪ್ರೀತಿಸುತ್ತೇನೆ ಅಂತ ಹಾಡಿನ ನಾಯಕ ತನ್ನ ಪ್ರೇಯಸಿಗೆ ಮೊದಲ ಸಾಲಿನಲ್ಲೇ ಹೇಳಿಬಿಡುತ್ತಾನೆ. 'ಸಾವು' ಬರುವುದು ಅಲ್ಲಿ ಮಾತ್ರ, ಆಮೇಲೆ ಎಲ್ಲೂ ಇಲ್ಲ. ಗೋಡೆಯ ಮೇಲೆ ಅವಳ ಫೋಟೊ, ಹಾಸಿಗೆ ಪಕ್ಕ 1962ರ ಕಾಗದಗಳು, ಅವುಗಳಲ್ಲಿ 'ಐ ಲವ್ ಯೂ' ಅಂತಿರುವ ಕಡೆಯೆಲ್ಲ ಕೆಂಪು ಗೆರೆ. ಒಂದು ದಿನ ಸ್ನೇಹಿತ ನೋಡಲು ಹೋದರೆ ಅವನು ಚೆನ್ನಾಗಿ ಬಟ್ಟೆ ಹಾಕಿಕೊಂಡಿದ್ದಾನೆ, ಮುಖದಲ್ಲಿ ನಗು. ಅಂತೂ ಅವಳನ್ನು ಮರೆತ ಅಂದುಕೊಳ್ಳುವಷ್ಟರಲ್ಲಿ, ನಾಲ್ಕು ಚರಣ ಕಳೆದ ಮೇಲೆ, ಮೊದಲ ಬಾರಿಗೆ ಪಲ್ಲವಿ. ಬಾಗಿಲಿಗೆ ಹೂಚಕ್ರ ಇಟ್ಟಿದ್ದಾರೆ, ಇನ್ನೇನು ಅವನನ್ನು ಹೊತ್ತುಕೊಂಡು ಹೋಗುತ್ತಾರೆ.

ಹಾಡಲು ಹೊರಟವರು ಎಡವುವುದು ಇಲ್ಲೇ. ಮೊದಲ ಚರಣದಿಂದಲೇ ಗಂಟಲಲ್ಲಿ ಅಳು ತಂದುಕೊಂಡರೆ ಅವನು ಸತ್ತ ಗುಟ್ಟು ಆಗಲೇ ರಟ್ಟಾಗುತ್ತದೆ. ಜೋನ್ಸ್ ಚರಣಗಳನ್ನು ತಗ್ಗಿನ ದನಿಯಲ್ಲಿ, ಪಕ್ಕದ ಮನೆಯವರ ಸುದ್ದಿ ಹೇಳಿದ ಹಾಗೆ ಹೇಳಿಕೊಂಡು ಹೋಗುತ್ತಾರೆ. ದನಿ ಪೂರ್ತಿ ತೆರೆಯುವುದು ಪಲ್ಲವಿಯಲ್ಲಿ.

ಪಲ್ಲವಿಯಾದ ಮೇಲೆ ನಾಲ್ಕು ಸಾಲು ಬರೀ ಮಾತು: ಅವಳು ಕೊನೆಯ ಬಾರಿ ನೋಡಲು ಬಂದಳು. ಅವಳು ಬರಲೇಬೇಕು ಅಂತ ಪಟ್ಟು ಹಿಡಿದು ಶೆರಿಲ್ ಸಾಹಿತ್ಯವನ್ನು ಮತ್ತೆ ಮತ್ತೆ ತಿದ್ದಿಸಿದ್ದರು. ರೆಕಾರ್ಡಿಂಗ್ ಮುಂದೆ ಸಾಗದೆ ನಿಂತದ್ದೂ ಈ ನಾಲ್ಕು ಸಾಲಿನಲ್ಲೇ. ಕುಡಿದಾಗಲೂ ಹಾಡಿನಲ್ಲಿ ತೊದಲದ ಜೋನ್ಸ್ ನಾಲಿಗೆ ಮಾತಿನಲ್ಲಿ ತೊದಲುತ್ತಿತ್ತು. ಮೊದಲ ಚರಣಕ್ಕೂ ಈ ಮಾತಿಗೂ ನಡುವೆ ಸುಮಾರು ಒಂದೂವರೆ ವರ್ಷ ಕಳೆಯಿತು ಎಂದು ಶೆರಿಲ್ ಹೇಳಿಕೊಂಡಿದ್ದಾರೆ. ಮಾತಿನ ಹಿಂದೆ ತಂತಿವಾದ್ಯಗಳ ಜೊತೆ ಪದವಿಲ್ಲದೆ ಮೇಲೇರುವ ಹೆಣ್ಣುದನಿ ಮಿಲಿ ಕರ್ಕಮ್ ಅವರದು. ಈ ನಾಲ್ಕು ಸಾಲನ್ನು ನಾಟಕದ ಡೈಲಾಗ್ ಮಾಡಬೇಡಿ. ತಾಳಕ್ಕೆ ಕಟ್ಟಿ ಹೇಳುವುದೂ ಬೇಡ, ಹಿಂದಿನ ಸಂಗೀತ ಅಳುವ ಕೆಲಸ ಮಾಡುತ್ತಿದೆ.

ಹಾಡಿನಲ್ಲಿ ಕೇಳುವ ಪೆಡಲ್ ಸ್ಟೀಲ್ ಗಿಟಾರ್ (ಕಾಲಿನ ಪೆಡಲ್‌ಗಳಿಂದ ತಂತಿಗಳ ಸ್ವರ ಬದಲಿಸುವ ಗಿಟಾರ್) ಪೀಟ್ ಡ್ರೇಕ್ ಅವರದು. ಕಂಟ್ರಿಯಲ್ಲಿ ರೂಢಿಯಲ್ಲಿರುವ ಇ9 ಶ್ರುತಿಯಲ್ಲಿ ಇದಕ್ಕೆ ಹತ್ತು ತಂತಿ. ಎಡಗಾಲಿನ 'ಎ' ಪೆಡಲ್ ಬಿ ಸ್ವರದ ತಂತಿಗಳನ್ನು ಎರಡು ಸೆಮಿಟೋನ್ (ಅರ್ಧಸ್ವರ) ಏರಿಸುತ್ತದೆ, 'ಬಿ' ಪೆಡಲ್ ಜಿ ಶಾರ್ಪ್ ತಂತಿಗಳನ್ನು ಒಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಇ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ನಾದ ಮುರಿಯದೆ ಎ ಕಾರ್ಡ್ ಆಗುತ್ತದೆ. ಕೆಲವು ಸ್ವರ ಏರುತ್ತಿದ್ದರೆ ಉಳಿದವು ಕದಲುವುದಿಲ್ಲ. ನಮ್ಮ ಜಾರು ಗಮಕ ಕೇಳಿದ ಕಿವಿಗೆ ಇದು ಬೇಗ ಹತ್ತುತ್ತದೆ. ಬಲಗಾಲು ವಾಲ್ಯೂಮ್ ಪೆಡಲ್ ಮೇಲೆ: ತಂತಿ ಮೀಟಿದ ಮೇಲೆ ದನಿ ಏರಿಸುವುದರಿಂದ ಮೀಟಿದ ಸದ್ದು ಅಡಗಿ ನಾದವಷ್ಟೇ ಉಳಿಯುತ್ತದೆ.

ಇಂಥ ಸಾವಿನ ಹಾಡನ್ನು ಯಾರೂ ಕೊಳ್ಳುವುದಿಲ್ಲ ಅಂತ ಜೋನ್ಸ್ ಅಂದುಕೊಂಡಿದ್ದರು. ಆದರೆ 1980ರ ಜುಲೈನಲ್ಲೇ ಹಾಡು ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ ತುದಿಗೇರಿತು, ಜೋನ್ಸ್‌ಗೆ ಗ್ರ್ಯಾಮಿಯೂ ಬಂತು. 2013ರಲ್ಲಿ ಅವರ ಅಂತ್ಯಕ್ರಿಯೆಯಲ್ಲಿ ಕಂಟ್ರಿ ಗಾಯಕ ಅಲನ್ ಜ್ಯಾಕ್ಸನ್ ಹಾಡಿದ್ದೂ ಇದನ್ನೇ.